ರಾಡಿ ಬಯಲಿನಲ್ಲಿ ಹಾಡುವ ದಿನ: ಜಾನಪದ ತಂಡದವರಿಗೊಂದು ಮಾರ್ಗದರ್ಶಿ

ನಮ್ಮ ಭಾಗದ ದೊಡ್ಡ ಜಾತ್ರೆಗಳಲ್ಲಿ ಹಲವು ಒಣ ದಿನಗಳಲ್ಲಿ ಬರುತ್ತವೆ. ಯಾದಗಿರಿ ಜಿಲ್ಲೆಯ ಮೈಲಾಪುರದ ಮಲ್ಲಯ್ಯನ ಜಾತ್ರೆ ಸಂಕ್ರಾಂತಿಗೆ ನಡೆದರೆ, ಕಲಬುರಗಿಯ ಶರಣಬಸವೇಶ್ವರರ ರಥೋತ್ಸವ ಹೋಳಿಯ ನಂತರ ನಡೆಯುತ್ತದೆ. ಆಗ ನೆಲ ಗಟ್ಟಿಯಾಗಿರುವುದರಿಂದ ಹಾಡುವವರಿಗೆ ಧೂಳೊಂದೇ ಚಿಂತೆ. ಆದರೆ ತತ್ವಪದ, ಭಜನೆ, ಹಲಗೆ (ತಮಟೆ) ಮೇಳದ ತಂಡಗಳಿಗೆ ಶ್ರಾವಣದಿಂದ ದಸರೆಯವರೆಗೆ ಬರುವ ಕರೆಗಳೆಲ್ಲ ಮಳೆಯ ನಡುವೆಯೇ ಬರುತ್ತವೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾದ ನೆನಪಿಗೆ ಆಚರಿಸುವ ಕಲ್ಯಾಣ ಕರ್ನಾಟಕ ಉತ್ಸವ ದಿನವಂತೂ ಸರಿಯಾಗಿ ಉತ್ತರಿ ಮಳೆಯಲ್ಲಿ ಬೀಳುತ್ತದೆ. ಆ ವಾರದಲ್ಲಿ ಬಯಲು ವೇದಿಕೆಯ ಸಂಗೀತೋತ್ಸವಕ್ಕೆ ಒಪ್ಪಿಕೊಂಡ ತಂಡ ರಾಡಿಗೂ ಒಪ್ಪಿಕೊಂಡಂತೆಯೇ.

ನಾನು ಏಳು ಜನರ ತಂಡವೊಂದರಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತೇನೆ. ಪೇಟಿಯ ಜೊತೆ ತಬಲಾ, ಏಕತಾರಿ, ದಮಡಿ (ಕೈಯಲ್ಲಿ ಹಿಡಿದು ಬಾರಿಸುವ ಸಣ್ಣ ಚರ್ಮವಾದ್ಯ), ತಾಳ ಮತ್ತು ಎರಡು ಹಲಗೆಗಳಿವೆ. ಇಂಥ ದಿನಗಳಲ್ಲಿ ನಾವು ಹಾಡುವುದು ಇಪ್ಪತ್ತು ನಿಮಿಷವಾದರೆ, ಸಾಮಾನು ಹೊರುವುದು, ಮುಚ್ಚುವುದು, ಕಾಯಿಸುವುದು, ಒಣಗಿಸುವುದಕ್ಕೆ ಹಿಂದಿನ ಸಂಜೆಯಿಂದ ಮರುದಿನದ ಮಧ್ಯಾಹ್ನದವರೆಗಿನ ಸಮಯ ಹೋಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹಾಡಿನ ಮಾತು ಕಡಿಮೆಯಿದೆ.

ಹಿಂದಿನ ದಿನ: ಮಣ್ಣು ಯಾವುದು, ದಾರಿ ಯಾವುದು

ಸಂಘಟಕರಿಗೆ ಫೋನ್ ಮಾಡಿದಾಗ ನಮ್ಮ ಸರದಿ ಎಷ್ಟು ಗಂಟೆಗೆ ಎಂದು ಕೇಳುವ ಮೊದಲು ವೇದಿಕೆಯನ್ನು ಯಾವ ನೆಲದ ಮೇಲೆ ಹಾಕಿದ್ದಾರೆ ಎಂದು ಕೇಳಿ. ಕಲಬುರಗಿ ಜಿಲ್ಲೆಯ ಬಹುಪಾಲು ನೆಲ ಕರಿ ಎರೆ. ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರಿಯುವ ಈ ಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ; ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಒಂದೊಂದು ಕಾಲಿಗೂ ಸೇರಿನ ತೂಕ ಏರಿರುತ್ತದೆ. ಬೀದರ್ ಪಟ್ಟಣದ ಸುತ್ತಲಿನ ಜಂಬಿಟ್ಟಿಗೆಯ ಕೆಂಪು ನೆಲ ಹಾಗಲ್ಲ. ಅದು ನೀರನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಹಿಂದಿನವರು ನೌಬಾದಿನಲ್ಲಿ ಕರೇಜ್ ಎಂಬ ಸುರಂಗ ಕಾಲುವೆಗಳನ್ನು ಕೊರೆದು ನೀರು ತಂದದ್ದು ಇದೇ ಕಲ್ಲಿನಲ್ಲಿ. ಅಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿಗೆ ನಡೆಯಲು ಬರುತ್ತದೆ, ಜಾರುವ ಭಯವೊಂದಿರುತ್ತದೆ. ಯಾದಗಿರಿ, ಸುರಪುರದ ಕಡೆ ಗುಡ್ಡದ ಬುಡದ ಮರಳುಗೆಂಪು ಮಣ್ಣೂ ಇದೆ, ಎರೆಯೂ ಇದೆ. ಅಲ್ಲಿ ಊರಿನ ಹೆಸರು ಕೇಳಿದರೆ ಸಾಲದು, ಯಾವ ಹೊಲದ ಪಕ್ಕ ಎಂದು ಕೇಳಬೇಕು. ಎರೆ ಎಂಬ ಉತ್ತರ ಬಂದರೆ ಡಾಂಬರ್ ರಸ್ತೆಯಿಂದ ವೇದಿಕೆಗೆ ಎಷ್ಟು ದೂರವಿದೆ, ನಡುವೆ ಗರಸು (ಜಲ್ಲಿಮಣ್ಣು) ಹಾಕಿದ್ದಾರೆಯೇ ಎಂಬುದನ್ನೂ ತಿಳಿದುಕೊಳ್ಳಿ. ಒಮ್ಮೆ ಒಂದು ಊರಿನವರು ನಮ್ಮ ಮಾತಿಗೆ ಒಪ್ಪಿ, ರಸ್ತೆಯಿಂದ ಮೆಟ್ಟಿಲಿನವರೆಗೆ ಶಹಾಬಾದ್ ಫರಸಿ ಕಲ್ಲಿನ ಒಡಕು ಚಪ್ಪಡಿಗಳನ್ನು ಹೆಜ್ಜೆಗೊಂದರಂತೆ ಹಾಸಿಕೊಟ್ಟರು. ಆ ದಿನ ನಮ್ಮ ಧೋತರಗಳು ಬಿಳಿಯಾಗಿಯೇ ಮನೆಗೆ ಬಂದವು. ಒಡಕು ಫರಸಿ ನಮ್ಮ ಕಡೆ ಎಲ್ಲಿಯೂ ಸಿಗುವುದರಿಂದ ಈ ಮಾತನ್ನು ಕೇಳಲು ಸಂಕೋಚ ಬೇಡ.

ದಾರಿಯ ವಿಚಾರಣೆಯೂ ಅಷ್ಟೇ ಮುಖ್ಯ. ಕಾಗಿಣಾ ನದಿ ತುಂಬಿದರೆ ಮಳಖೇಡ ಮತ್ತು ದಂಡೋತಿಯ ಸೇತುವೆಗಳ ಮೇಲೆ ನೀರು ಬರುತ್ತದೆ. ಸೊನ್ನ ಬ್ಯಾರೇಜಿನಿಂದ ಭೀಮೆಗೆ ಹೆಚ್ಚು ನೀರು ಬಿಟ್ಟಾಗ ಘತ್ತರಗಾ, ದೇವಲ ಗಾಣಗಾಪುರದ ಸೇತುವೆಗಳು ಮುಳುಗುತ್ತವೆ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಎಷ್ಟೇ ತೆಳುವಾಗಿ ಕಂಡರೂ ವಾಹನ ಇಳಿಸಬೇಡಿ. ಕಾರ್ಯಕ್ರಮ ತಪ್ಪಿದರೆ ತಪ್ಪಲಿ. ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ತಂಡದ ಇಬ್ಬರ ಮೊಬೈಲಿನಲ್ಲಾದರೂ ಇರಲಿ.

ಕಟ್ಟಿಕೊಳ್ಳುವುದು

ತಾಡಪತ್ರಿ (ಟಾರ್ಪಾಲಿನ್) ಎಲ್ಲಕ್ಕಿಂತ ಮೊದಲು ಬೇಕು, ಆದ್ದರಿಂದ ಅದನ್ನು ಕೊನೆಗೆ, ಎಲ್ಲದರ ಮೇಲೆ ಇಡಿ. ಸಾಮಾನಿನ ತಳದಲ್ಲಿ ಸಿಕ್ಕಿಕೊಂಡ ತಾಡಪತ್ರಿಯಿಂದ ಮಳೆಯಲ್ಲಿ ಏನೂ ಉಪಯೋಗವಿಲ್ಲ. ತಬಲಾ ಮತ್ತು ಅದರ ಜೋಡಿ ಡಗ್ಗಾಗಳನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಆಮೇಲೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಕು. ಬಟ್ಟೆಯಿಲ್ಲದೆ ಬರೀ ಪ್ಲಾಸ್ಟಿಕ್ ಸುತ್ತಿದರೆ ಒಳಗಿನ ಬೆವರೇ ಚರ್ಮವನ್ನು ಹಸಿ ಮಾಡುತ್ತದೆ. ಪೇಟಿಗೆ ಮರದ ಪೆಟ್ಟಿಗೆಯಿದ್ದರೆ ಒಳ್ಳೆಯದು. ಒಳಗೆ ತೇವ ಹೀರಲೆಂದು ಅಕ್ಕಿಯ ಗಂಟು ಇಡುವ ಪದ್ಧತಿಯನ್ನು ಹಲವರು ನಂಬುತ್ತಾರೆ. ನನ್ನ ಅನುಭವದಲ್ಲಿ ಅದರಿಂದ ಬರುವುದು ನುಸಿ ಮತ್ತು ಹಿಟ್ಟಿನ ಧೂಳು. ಹೊಸ ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಸಿಟ್ಟು ಇಡುವುದು ಮೇಲು. ಏಕತಾರಿಗೆ ಹೆಚ್ಚಿನ ತಂತಿ ಎರಡು ಇರಲಿ.

ಹಾಡುವಾಗ ಉಡುವ ಧೋತರ, ನೆಹರು ಅಂಗಿ, ತಲೆಯ ಪಟಗಾಗಳನ್ನು ಮನೆಯಿಂದಲೇ ಉಟ್ಟುಕೊಂಡು ಹೊರಡುವುದು ನಾವು ಮಾಡುತ್ತಿದ್ದ ದೊಡ್ಡ ತಪ್ಪು. ಅವನ್ನು ಬೇರೆ ಚೀಲದಲ್ಲಿ ಒಯ್ದು ವೇದಿಕೆಯ ಹಿಂದೆ ಉಡಬೇಕು. ಕಾಲಿಗೆ ಹವಾಯಿ ಚಪ್ಪಲಿಯಂತೂ ಬೇಡವೇ ಬೇಡ. ಅದು ಒಂದೊಂದು ಹೆಜ್ಜೆಗೂ ಹಿಮ್ಮಡಿಯಿಂದ ರಾಡಿಯನ್ನು ಮೇಲಕ್ಕೆ ಚಿಮ್ಮುತ್ತದೆ; ಮುಂದಿನಿಂದ ನೋಡಿದರೆ ಶುಭ್ರವಾಗಿ ಕಾಣುವ ಹಾಡುಗಾರ ಬೆನ್ನು ತಿರುಗಿಸಿದಾಗ ಮೊಳಕಾಲಿನಿಂದ ಸೊಂಟದವರೆಗೆ ಕರಿ ಚುಕ್ಕೆಗಳ ಸೀರೆ ಉಟ್ಟಂತೆ ಕಾಣುತ್ತಾನೆ. ಎರೆಯಲ್ಲಿ ಸಿಕ್ಕಿಕೊಂಡ ಚಪ್ಪಲಿಯನ್ನು ಎಳೆದರೆ ಅದರ ಬೆರಳ ಪಟ್ಟಿಯೂ ಕಿತ್ತು ಬರುತ್ತದೆ. ಬರಿಗಾಲೂ ಬೇಡ, ರಾಡಿಯೊಳಗೆ ಜಾಲಿಮುಳ್ಳು, ಒಡೆದ ಬಾಟಲಿ ಕಾಣುವುದಿಲ್ಲ. ಹಿಂದೆ ಪಟ್ಟಿಯಿರುವ ಪ್ಲಾಸ್ಟಿಕ್ ಸ್ಯಾಂಡಲ್ ಅಗ್ಗವೂ ಹೌದು, ತೊಳೆಯಲು ಸುಲಭವೂ ಹೌದು.

ಇವುಗಳ ಜೊತೆ ಒಂದು ಗೋಣಿಚೀಲದ ತುಂಬ ಒಣ ರವದಿ (ಬೆಳೆಯ ಒಣಗಿದ ಎಲೆ) ಮತ್ತು ತೊಗರಿ ಕಟ್ಟಿಗೆಯ ಚೂರುಗಳನ್ನು ಕಟ್ಟಿಕೊಳ್ಳಿ. ಅದು ಯಾಕೆಂದು ಮುಂದೆ ಹೇಳುತ್ತೇನೆ.

ಬಯಲು ಮುಟ್ಟಿದ ಮೇಲೆ

ಸರದಿಗೆ ಮೂರು ಗಂಟೆ ಮೊದಲು ಮುಟ್ಟುವಂತೆ ಹೊರಡಿ. ಟಂಟಂ ಆಗಲಿ, ಕ್ರೂಸರ್ ಆಗಲಿ, ಎರೆ ನೆಲಕ್ಕೆ ಇಳಿಸದೆ ರಸ್ತೆಯ ಮೇಲೆಯೇ ನಿಲ್ಲಿಸಿ. “ಇನ್ನೊಂದೀಟು ಮುಂದ ಬರ್ರಿ, ಏನೂ ಆಗಂಗಿಲ್ಲ” ಎಂದು ಕೈಬೀಸಿ ಕರೆಯುವ ಸ್ವಯಂಸೇವಕರು ಎಲ್ಲ ಕಡೆ ಇರುತ್ತಾರೆ, ಆದರೆ ರಾತ್ರಿ ಹನ್ನೊಂದಕ್ಕೆ ಗಾಲಿ ಹುಗಿದಾಗ ಅವರು ಮನೆಯಲ್ಲಿ ಮಲಗಿರುತ್ತಾರೆ. ಗಾಲಿ ಸಿಕ್ಕಿಕೊಂಡರೆ ಎಕ್ಸಲೇಟರ್ ಒತ್ತುತ್ತಾ ಹೋಗಬೇಡಿ, ಅದು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಗಾಲಿಯ ಮುಂದಿನ ರಾಡಿ ತೆಗೆದು ಕಣಿಕೆ (ಜೋಳದ ದಂಟು) ಅಥವಾ ಗೋಣಿತಟ್ಟು ತುರುಕಿ ನಿಧಾನವಾಗಿ ಎಬ್ಬಿಸಬೇಕು. ಆಗದಿದ್ದರೆ ಟ್ರ್ಯಾಕ್ಟರ್ ಹುಡುಕಬೇಕು.

ಸಾಮಾನನ್ನು ಹೊತ್ತು ತಂದು ವೇದಿಕೆಯ ಹಿಂದೆ ಇಳಿಸುವ ಮೊದಲು ಅಲ್ಲಿ ನೀರು ಯಾವ ಕಡೆ ಹರಿಯುತ್ತಿದೆ ಎಂದು ನೋಡಿ, ಎತ್ತರದ ಮೂಲೆಯಲ್ಲಿ ತಾಡಪತ್ರಿಯನ್ನು ದುಪ್ಪಟ್ಟು ಮಡಿಸಿ ಹಾಸಿ. ವಾದ್ಯಗಳ ಹತ್ತಿರ ಒಬ್ಬರು ಸದಾ ಇರಬೇಕು. ಅವರ ಕೆಲಸ ಕಾವಲು ಕಾಯುವುದೊಂದೇ ಅಲ್ಲ. ಮಳೆ ಜೋರಾದಾಗ ಓಡಿಬಂದು ನಿಮ್ಮ ತಾಡಪತ್ರಿಯ ಮೇಲೆ ರಾಡಿಗಾಲಿನಲ್ಲಿ ನಿಲ್ಲುವ ಜನರನ್ನು ಮರ್ಯಾದೆಯಿಂದ ಇಳಿಸುವುದೂ ಅವರದೇ ಕೆಲಸ.

ಮೈಕ್ ಮುಟ್ಟುವ ಮೊದಲು

ಕೆಲವು ವರ್ಷಗಳ ಹಿಂದೆ ಒಂದು ವೇದಿಕೆಯ ಮೇಲೆ ನಮ್ಮ ಹಿರಿಯ ಹಾಡುಗಾರರ ತುಟಿಗೆ ಮೈಕ್ ತಾಗಿತು, ಅವರು ಚೇಳು ಕಡಿದವರಂತೆ ಹಿಂದಕ್ಕೆ ಸರಿದರು. ಧ್ವನಿವರ್ಧಕದ ಹುಡುಗ ನಗುತ್ತಾ, “ಸಣ್ಣ ಅರ್ತ್ ಅದ ಕಾಕಾ, ಏನೂ ಆಗಂಗಿಲ್ಲ. ಸ್ವಲ್ಪ ದೂರ ಹಿಡ್ದು ಹಾಡ್ರಿ” ಎಂದ. ಅರ್ತ್ ಎಂದರೆ ಅವನ ಮಾತಿನಲ್ಲಿ ವಿದ್ಯುತ್ ಸೋರಿಕೆ. ಕಾಕಾ ಹಾಡಿದರು. ಒದ್ದೆ ಕಾರ್ಪೆಟ್ಟಿನ ಮೇಲೆ ಬರಿಗಾಲಿನಲ್ಲಿ ನಿಂತು, ಲೋಹದ ಮೈಕ್ ಹಿಡಿದು ಹದಿನೈದು ನಿಮಿಷ ಹಾಡಿದರು. ಅವರು ಉಳಿದದ್ದು ಅದೃಷ್ಟ. ಒಣ ಚರ್ಮಕ್ಕೆ ಬರೀ ಚುರುಕೆನ್ನುವ ವಿದ್ಯುತ್ ಒದ್ದೆ ಮೈಗೆ ಪ್ರಾಣಾಂತಿಕವಾಗುತ್ತದೆ, ಏಕೆಂದರೆ ಒದ್ದೆಯಾದಾಗ ಚರ್ಮದ ತಡೆ ಬಹಳ ಕಡಿಮೆಯಾಗಿ ದೇಹದೊಳಗೆ ಹರಿಯುವ ವಿದ್ಯುತ್ತಿನ ಪ್ರಮಾಣ ಏರುತ್ತದೆ.

ಆದ್ದರಿಂದ ವೇದಿಕೆ ಹತ್ತುವ ಮುನ್ನ ಧ್ವನಿವರ್ಧಕದವರ ಬಳಿ ಹೋಗಿ ಮೂರು ವಿಷಯಗಳನ್ನು ಕಣ್ಣಾರೆ ನೋಡಬೇಕು. ಅವರ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ಎಂಬುದು ಮೊದಲನೆಯದು. ವಿದ್ಯುತ್ ಸೋರಿ ಭೂಮಿಗೆ ಹರಿಯಲು ಆರಂಭಿಸಿದರೆ ಕ್ಷಣದೊಳಗೆ ತಾನೇ ಕಡಿತ ಮಾಡುವ ಸಾಧನ ಅದು. ಅದರ ಮೇಲಿನ ‘ಟೆಸ್ಟ್’ ಗುಂಡಿಯನ್ನು ಒತ್ತಿ ತೋರಿಸಲು ಹೇಳಿ. ಒತ್ತಿದ ಕೂಡಲೇ ಸ್ವಿಚ್ ಕೆಳಗೆ ಬೀಳಬೇಕು. ಜನರೇಟರ್ ಮತ್ತು ವೇದಿಕೆಯ ಕಬ್ಬಿಣದ ಚೌಕಟ್ಟಿಗೆ ಅರ್ತಿಂಗ್ (ಸೋರಿದ ವಿದ್ಯುತ್ತನ್ನು ಭೂಮಿಗೆ ಇಳಿಸುವ ತಂತಿ) ಕೊಟ್ಟಿದ್ದಾರೆಯೇ ಎಂಬುದು ಎರಡನೆಯದು. ವೈರಿನ ಜೋಡಣೆಗಳು ನೆಲದ ನೀರಿನಲ್ಲಿ ಬಿದ್ದಿವೆಯೇ ಎಂಬುದು ಮೂರನೆಯದು. ಬಿದ್ದಿದ್ದರೆ ಕರೆಂಟ್ ತೆಗೆಸಿ, ಅವನ್ನು ಎತ್ತಿ ಕಂಬಕ್ಕೆ ಕಟ್ಟಿಸಿದ ಮೇಲೆಯೇ ಮುಂದಿನ ಮಾತು. ಮೈಕಿನಲ್ಲಿ ಸೋರಿಕೆ ಇದೆಯೇ ಎಂದು ನಿಮ್ಮ ಕೈಯಿಂದ ಮುಟ್ಟಿ ನೋಡಬೇಡಿ, ಟೆಸ್ಟರಿನಿಂದ ಅವರೇ ನೋಡಲಿ. ಬ್ಯಾಟರಿಯ ವೈರ್‌ಲೆಸ್ ಮೈಕ್ ಇದ್ದರೆ ಮಳೆಯ ದಿನ ಅದನ್ನೇ ಕೇಳಿ ಪಡೆಯಿರಿ. ಕಾಲಡಿಗೆ ಒಣ ಮರದ ಹಲಗೆ ಅಥವಾ ರಬ್ಬರ್ ಚಾಪೆ ಹಾಕಿಸಿಕೊಳ್ಳಿ. ಯಾರಿಗಾದರೂ ವಿದ್ಯುತ್ ಹಿಡಿದರೆ ಅವರನ್ನು ಮುಟ್ಟದೆ ಮೊದಲು ಮೇನ್ ಸ್ವಿಚ್ ತೆಗೆಯಬೇಕು, ಆಮೇಲೆ 108ಕ್ಕೆ ಕರೆ ಮಾಡಬೇಕು. ಮೇನ್ ಸ್ವಿಚ್ ಎಲ್ಲಿದೆ ಎಂಬುದು ತಂಡದ ಎಲ್ಲರಿಗೂ ಮೊದಲೇ ಗೊತ್ತಿರಬೇಕು. ಇಷ್ಟೆಲ್ಲ ಕೇಳಿದರೆ ‘ಇವರದು ಅತಿಯಾಯಿತು’ ಎನ್ನುವವರು ಸಿಗುತ್ತಾರೆ. ಎನ್ನಲಿ.

ತಲೆಯ ಮೇಲಿನ ಪೆಂಡಾಲನ್ನೂ ಒಮ್ಮೆ ನೋಡಿ. ಬಟ್ಟೆ ಜೋತುಬಿದ್ದು ನೀರಿನ ಹೊಟ್ಟೆಯಾಗಿದ್ದರೆ ಅದರ ಕೆಳಗೆ ಕೂರಬೇಡಿ. ನೂರು ಲೀಟರ್ ನೀರೆಂದರೆ ಒಂದು ಕ್ವಿಂಟಾಲ್ ಭಾರ. ಹಸಿ ಎರೆಯಲ್ಲಿ ಬಡಿದ ಗೂಟ ಗಾಳಿಗೆ ಸುಲಭವಾಗಿ ಕಿತ್ತುಬರುತ್ತದೆ ಎಂಬುದೂ ನೆನಪಿರಲಿ.

ಹಲಗೆ ಕಾಯಿಸುವುದು

ಚರ್ಮವಾದ್ಯ ಗಾಳಿಯ ತೇವವನ್ನು ಹೀರಿ ಸಡಿಲವಾಗುತ್ತದೆ. ಮಳೆಹನಿ ಬೀಳದಿದ್ದರೂ ಮೋಡದ ದಿನದ ತಂಪು ಸಾಕು, ಹಲಗೆಯ ಸದ್ದು ‘ಠಣ್’ ಎನ್ನುವ ಬದಲು ಹಸಿ ಗೋಡೆಗೆ ಬಡಿದಂತೆ ‘ಡಬ್’ ಎನ್ನುತ್ತದೆ. ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಬೆಂಕಿ. ಮಳೆಯ ಬಯಲಿನಲ್ಲಿ ಸಿಗುವ ಕಸಕಡ್ಡಿಯೆಲ್ಲ ಹಸಿಯಾಗಿರುವುದರಿಂದ ಅದು ಉರಿಯದೆ ಹೊಗೆಯಾಡುತ್ತದೆ, ಹೊಗೆಯಿಂದ ಚರ್ಮ ಕಾಯುವುದಿಲ್ಲ. ಮನೆಯಿಂದ ಒಣ ರವದಿ ಒಯ್ಯಲು ಹೇಳಿದ್ದು ಇದಕ್ಕೇ.

ಸರದಿಗೆ ಅರ್ಧ ಗಂಟೆ ಮೊದಲು, ಪೆಂಡಾಲಿನಿಂದ ಮತ್ತು ಜನರೇಟರಿನ ಡೀಸೆಲ್ಲಿನಿಂದ ದೂರ, ನೆಲದ ಮೇಲೆ ಒಂದು ಫರಸಿ ತುಂಡು ಅಥವಾ ತಗಡು ಇಟ್ಟು ಅದರ ಮೇಲೆ ಉರಿ ಮಾಡಿ. ಹಸಿ ಮಣ್ಣಿನ ಮೇಲೆ ಹಾಕಿದ ಬೆಂಕಿ ಎರಡು ನಿಮಿಷ ಬಾಳುವುದಿಲ್ಲ. ರವದಿ ಭಗ್ಗೆಂದು ಹೊತ್ತಿ ಆರುತ್ತದೆ, ತೊಗರಿ ಕಟ್ಟಿಗೆ ಕೆಂಡ ಹಿಡಿಯುತ್ತದೆ, ಎರಡೂ ಬೇಕು. ಹಲಗೆಯನ್ನು ಉರಿಯಿಂದ ಒಂದೂವರೆ ಅಡಿ ಮೇಲೆ ಹಿಡಿದು, ಒಂದೇ ಕಡೆ ನಿಲ್ಲಿಸದೆ, ರೊಟ್ಟಿ ತಿರುಗಿಸುವವರಂತೆ ಅಂಚಿನುದ್ದಕ್ಕೂ ತಿರುಗಿಸುತ್ತಾ ಇರಬೇಕು. ಅಂಗೈಯನ್ನು ಚರ್ಮದ ಹಿಂಬದಿಗೆ ಇಟ್ಟರೆ ಬೆಚ್ಚಗೆ ಹಿತವಾಗಿರಬೇಕು. ಕೈ ತೆಗೆಯುವಷ್ಟು ಸುಟ್ಟರೆ ಚರ್ಮವೂ ಸುಡುತ್ತಿದೆ ಎಂದೇ ಅರ್ಥ. ನಮ್ಮ ಹಲಗೆ ಬಾರಿಸುವ ಹಿರಿಯರು ನಡುನಡುವೆ ಬೆರಳಿನಿಂದ ತಟ್ಟಿ ಕಿವಿಗೆ ಹಿಡಿದು, “ಇನ್ನಾ ಹಸಿ ಅದ ತಮ್ಮಾ, ತಡಿ” ಎನ್ನುತ್ತಾರೆ. ನಡುವಿನ ನಾದಕ್ಕಿಂತ ಅಂಚಿನ ನಾದವನ್ನು ಕೇಳುತ್ತಾರೆ, ಏಕೆಂದರೆ ತೇವ ಕೊನೆಗೆ ಬಿಡುವುದು ಅಂಚನ್ನು. ಕಾದ ಹಲಗೆಯನ್ನು ಕೂಡಲೇ ಕಂಬಳಿಯಲ್ಲಿ ಸುತ್ತಿ, ಬಾರಿಸುವ ಕ್ಷಣದವರೆಗೆ ಬಿಚ್ಚಬಾರದು. ಹಾಡುಗಾರರು ಈ ಬೆಂಕಿಯ ಹತ್ತಿರ ಚಳಿ ಕಾಯಿಸಲು ಕೂರುವುದನ್ನು ನಾನು ಬೈದು ಬಿಡಿಸುತ್ತೇನೆ. ಹೊಗೆ ನುಂಗಿದ ಗಂಟಲು ಮೊದಲ ಏರುಸ್ವರದಲ್ಲೇ ಒಡೆಯುತ್ತದೆ.

ಈಗ ಪ್ಲಾಸ್ಟಿಕ್ ಹೊದಿಕೆಯ ಹಲಗೆಗಳೂ ಬಂದಿವೆ. ಅವಕ್ಕೆ ಮಳೆಯ ಭಯವಿಲ್ಲ, ಮೆರವಣಿಗೆಗೆ ಸಾಕು. ನಾದದಲ್ಲಿ ಅವು ಚರ್ಮಕ್ಕೆ ಸಮವಲ್ಲ, ಆದರೆ ಒಂದನ್ನು ಆಪತ್ತಿಗೆಂದು ಒಯ್ಯುವುದರಲ್ಲಿ ನಾಚಿಕೆಯೇನೂ ಇಲ್ಲ.

ತಬಲಾವನ್ನು ಮಾತ್ರ ಬೆಂಕಿಗೆ ಹಿಡಿಯಬಾರದು. ನಡುವಿನ ಕರಿ ಶ್ಯಾಹಿ ಲೋಹದ ಪುಡಿ ಮತ್ತು ಗಂಜಿಯ ಲೇಪ. ಬಿಸಿಗೆ ಅದು ಬಿರಿಯುತ್ತದೆ, ನೀರಿಗೆ ಏಳುತ್ತದೆ. ಶ್ರುತಿ ಇಳಿದಿದ್ದರೆ ಬದಿಯ ಮರದ ಗಟ್ಟಾಗಳನ್ನು ಸುತ್ತಿಗೆಯಿಂದ ಸ್ವಲ್ಪವೇ ಏರಿಸಿ, ಬೆವರಿದ ಅಂಗೈಗೆ ಪೌಡರ್ ಹಚ್ಚಿಕೊಳ್ಳಿ. ಅಷ್ಟಕ್ಕೂ ಏರದಿದ್ದರೆ ಬಡಿದು ಬಡಿದು ಚರ್ಮ ಹರಿಯುವುದಕ್ಕಿಂತ ಹಾಡನ್ನೇ ಇಳಿಸುವುದು ಜಾಣತನ. ಪೇಟಿಯ ಎರಡನೆಯ ಕರಿ ಮನೆಯ (ಕರಿ ಎರಡು) ಶ್ರುತಿಯಲ್ಲಿ ಹಾಡುವವರು ಆ ದಿನ ಬಿಳಿ ಎರಡಕ್ಕೆ ಬರಲಿ, ಅರ್ಧ ಸ್ವರದ ವ್ಯತ್ಯಾಸ ಕೇಳುವವರಿಗೆ ತಿಳಿಯುವುದಿಲ್ಲ.

ವೇದಿಕೆಯ ಮೇಲೆ

ಮೆಟ್ಟಿಲ ಬುಡದಲ್ಲಿ ಒಂದು ಬಕೆಟ್ ನೀರು ಮತ್ತು ಗೋಣಿತಟ್ಟು ಇಡಿಸಿ, ಕಾಲು ತೊಳೆದು ಒರೆಸಿಕೊಂಡೇ ಹತ್ತಿ. ಪೇಟಿಯನ್ನು ಕಾರ್ಪೆಟ್ಟಿನ ಮೇಲೆ ನೇರವಾಗಿ ಇಡದೆ ಮಣೆಯ ಮೇಲೆ ಇಡಬೇಕು; ಒದ್ದೆ ಕಾರ್ಪೆಟ್ ಸ್ಪಂಜಿನಂತೆ ನೀರು ಹಿಡಿದಿರುತ್ತದೆ. ಗಂಟಲಿಗೆ ಬಿಸಿನೀರು, ಹೊಟ್ಟೆಗೆ ರೊಟ್ಟಿ ಮತ್ತು ಶೇಂಗಾ ಹಿಂಡಿ ಸಾಕು. ಪಕ್ಕದಲ್ಲೇ ಕರಿಯುತ್ತಿರುವ ಮಿರ್ಚಿ ಭಜಿ ಹಾಡು ಮುಗಿದ ಮೇಲೆ.

ನಿಮಗೆ ಕೊಟ್ಟ ಇಪ್ಪತ್ತು ನಿಮಿಷ ಭಾಷಣಗಳ ನಂತರ ಎಂಟಾಗಬಹುದು. ಆದ್ದರಿಂದ ಹಾಡುಗಳನ್ನು ಎರಡು ಪಟ್ಟಿ ಮಾಡಿಟ್ಟುಕೊಳ್ಳಿ. ಎರಡನೆಯ ಪಟ್ಟಿಯಲ್ಲಿ ಚರ್ಮವಾದ್ಯವೂ ಕರೆಂಟೂ ಇಲ್ಲದೆ ನಿಲ್ಲುವ ಹಾಡುಗಳಿರಲಿ. ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದಗಳಿಗೆ ಏಕತಾರಿ ಮತ್ತು ತಾಳ ಇದ್ದರೆ ಸಾಕು. ಕರೆಂಟ್ ಹೋಗಿ ಜನ ಎದ್ದು ಹೋಗುತ್ತಿದ್ದಾಗ, ವೇದಿಕೆಯ ಅಂಚಿಗೆ ಬಂದು ಮೈಕಿಲ್ಲದೆ ಸೊಲ್ಲು ಎತ್ತಿದರೆ ಮುಂದಿನ ಸಾಲಿನವರು ಹಿಮ್ಮೇಳ ಹಿಡಿಯುತ್ತಾರೆ. ಇದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ.

ಗುಡುಗು ಕೇಳಿದರೆ ಲೆಕ್ಕ ಹಾಕಿ. ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿತೆಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ ಎಂದರ್ಥ, ಹಾಡು ನಿಲ್ಲಿಸಿ ಇಳಿಯಬೇಕು. ಮರದಡಿ, ಪೆಂಡಾಲಿನಡಿ, ಕಬ್ಬಿಣದ ವೇದಿಕೆಯಡಿ ನಿಲ್ಲದೆ ಪಕ್ಕಾ ಕಟ್ಟಡಕ್ಕೆ ಅಥವಾ ಬಾಗಿಲು ಮುಚ್ಚಿದ ತಗಡಿನ ವಾಹನದೊಳಕ್ಕೆ ಹೋಗಿ, ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಕಾಯಬೇಕು. ಸಂಘಟಕರು ಅವಸರ ಮಾಡಿದರೂ ಈ ಲೆಕ್ಕ ಬಿಡಬೇಡಿ.

ಇಳಿದ ಮೇಲೆ

ಬ್ಯಾನರ್ ಕಾಣುವಂತೆ ತಂಡದ ಫೋಟೊ, ಗೌರವ ಸಂಭಾವನೆಯ ಕಾಗದಕ್ಕೆ ಸಹಿ, ಬ್ಯಾಂಕ್ ಪಾಸ್‌ಬುಕ್ ಮತ್ತು ಆಧಾರ್ ಪ್ರತಿಗಳು, ಇವನ್ನು ಅಲ್ಲಿಯೇ ಮುಗಿಸಿ. ಪ್ರತಿಗಳು ಪ್ಲಾಸ್ಟಿಕ್ ಲಕೋಟೆಯಲ್ಲಿರಲಿ, ಸಹಿಗೆ ಬಾಲ್ ಪೆನ್ ಇರಲಿ. ಶಾಯಿ ಪೆನ್ನಿನ ಸಹಿ ಹನಿ ಬಿದ್ದು ಹರಡಿದ್ದರಿಂದ ನಮ್ಮ ಒಂದು ಕಾಗದ ಎರಡು ತಿಂಗಳು ಅಲೆದಿದೆ. ಕತ್ತಲಲ್ಲಿ ವಾಹನದವರೆಗೆ ನಡೆಯುವಾಗ ಬ್ಯಾಟರಿ ಹಿಡಿದೇ ನಡೆಯಿರಿ, ಮಳೆಗಾಲದಲ್ಲಿ ಹಾವುಗಳೂ ಒಣ ಜಾಗ ಹುಡುಕುತ್ತಿರುತ್ತವೆ.

ಮನೆಗೆ ಬಂದ ರಾತ್ರಿ ಎಷ್ಟೇ ದಣಿವಿದ್ದರೂ ತಬಲಾದ ಗಟ್ಟಾಗಳನ್ನು ಇಳಿಸಿ ಮಲಗಬೇಕು. ತೇವದಲ್ಲಿ ಬಿಗಿದ ಚರ್ಮ ಒಣಗುವಾಗ ತಾನಾಗಿ ಇನ್ನೂ ಬಿಗಿಯುತ್ತದೆ. ಹಾಗೆಯೇ ಬಿಟ್ಟ ತಬಲಾ ಬೆಳಗಿನ ಜಾವ ‘ಫಟ್’ ಎಂದು ಹರಿದ ಸದ್ದಿಗೆ ನಮ್ಮ ತಬಲಾದವರು ಎದ್ದು ಕೂತದ್ದುಂಟು. ಏಕತಾರಿಯ ತಂತಿ, ತಾಳ, ಗೆಜ್ಜೆಗಳನ್ನು ಒಣ ಬಟ್ಟೆಯಿಂದ ಒರೆಸಿ. ಕಾಲಿನಲ್ಲಿ ಒಡಕು ಅಥವಾ ಗಾಯವಿದ್ದರೆ ಸಾಬೂನಿನಿಂದ ತೊಳೆದು, ತುಕ್ಕಿನ ಮೊಳೆ ಚುಚ್ಚಿದ್ದರೆ ಮರುದಿನವೇ ಧನುರ್ವಾಯು ತಡೆಯುವ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಒಂದೆರಡು ವಾರದೊಳಗೆ ಮೈಕೈ ನೋವಿನ ಜ್ವರ ಬಂದರೆ ರಾಡಿಯಲ್ಲಿ ನಡೆದ ಸಂಗತಿಯನ್ನು ಹೇಳಲು ಮರೆಯಬೇಡಿ. ಇಲಿಜ್ವರ ಹರಡುವುದು ಇಂಥ ನೀರಿನಿಂದಲೇ.

ಧೋತರಕ್ಕೆ ಹತ್ತಿದ ಎರೆಯನ್ನು ಹಸಿಯಾಗಿ ತಿಕ್ಕಿದರೆ ಕಲೆ ನೂಲಿನೊಳಗೆ ಇಳಿಯುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ, ಕೊಡವಿ, ಉದುರುವಷ್ಟು ಉದುರಿದ ಮೇಲೆ ನೆನೆಹಾಕಿ. ಪೇಟಿಯನ್ನು ಬಿಸಿಲಿಗಿಟ್ಟರೆ ಮರ ಸೊಟ್ಟಗಾಗುತ್ತದೆ, ಆದ್ದರಿಂದ ಮುಚ್ಚಳ ತೆಗೆದು ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ಇಟ್ಟು, ಆಗಾಗ ಭಾತಿಯನ್ನು (ಗಾಳಿ ಊದುವ ತಿದಿ) ಮೆಲ್ಲಗೆ ಒತ್ತಿ ಒಳಗಿನ ತೇವವನ್ನು ಹೊರಹಾಕಬೇಕು. ಪೇಟಿಯ ಯಾವುದಾದರೂ ಸ್ವರದ ಮನೆ (ಕೀ) ಒತ್ತಿದಲ್ಲಿಯೇ ನಿಂತರೆ ಮರ ಉಬ್ಬಿದೆ ಎಂದು ತಿಳಿದು, ಬಲ ಹಾಕಿ ಎತ್ತದೆ ಇನ್ನೊಂದು ದಿನ ಬಿಡಿ. ಹಲಗೆಗಳನ್ನು ನಾವು ಅಡುಗೆಮನೆಯಲ್ಲಿ ಒಲೆಯಿಂದ ಸ್ವಲ್ಪ ದೂರದ ಗೂಟಕ್ಕೆ ತೂಗುಹಾಕುತ್ತೇವೆ. ಎರಡು ಹೊತ್ತು ರೊಟ್ಟಿ ಬಡಿಯುವ ಕಾವಿಗೆ ಅವು ಮೂರನೆಯ ದಿನದ ಹೊತ್ತಿಗೆ ತಾವಾಗಿ ಏರಿರುತ್ತವೆ.